ಚಂದ್ರನ ಕರಡು, ಅಕ್ಕನ ಸಂಡಿಗೆ

‘ಎಲ್ಲರೂ ಒಪ್ಪಿದ ಮೇಲೆ ಮಾಡೋಣ’ ಎಂದು ಯಾರಾದರೂ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಮೊನ್ನೆ ದೆಹಲಿಯ ರೋಹಿಣಿ ಬಡಾವಣೆಯ ನಮ್ಮ ವಸತಿ ಸಂಘದ ಸಭೆಯಲ್ಲಿ ಮೆಟ್ಟಿಲ ಗೋಡೆಗೆ ಯಾವ ಬಣ್ಣ ಬಳಿಸಬೇಕು ಎಂಬ ಚರ್ಚೆ ಬಂದಾಗ ಒಬ್ಬ ಮಹನೀಯರು ಗಂಟಲು ಸರಿಮಾಡಿಕೊಂಡು ಇದೇ ಮಾತು ಆಡಿದರು. ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಮನೆಗೆ ಬಂದುಬಿಟ್ಟೆ. ಈ ಮುದುಕಿಗೆ ಸಿಟ್ಟು ಜಾಸ್ತಿ ಎಂದು ಹಿಂದಿನಿಂದ ಯಾರೋ ಹಿಂದಿಯಲ್ಲಿ ಅಂದದ್ದು ಕೇಳಿಸಿತು. ಹೌದು, ಜಾಸ್ತಿಯೇ. ನನ್ನ ಪ್ರಾಯದ ಒಳ್ಳೊಳ್ಳೆಯ ವರ್ಷಗಳನ್ನು ತಿಂದು ನೀರು ಕುಡಿದದ್ದು ಈ ಒಂದು ಮಾತು.

ಎಪ್ಪತ್ತರ ದಶಕದಲ್ಲಿ ನಾನು ದೆಹಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಕಾನೂನು ಹಿಡಿದು ಪಿಎಚ್.ಡಿ.ಗೆ ಕೂತಿದ್ದೆ. ಚಂದ್ರನಲ್ಲಿ ಸಿಗುವ ಖನಿಜ ಯಾರ ಸ್ವತ್ತು, ಅಗೆಯುವ ಹಕ್ಕು ಯಾರಿಗೆ, ಅಗೆದದ್ದನ್ನು ಹಂಚಿಕೊಳ್ಳುವುದು ಹೇಗೆ ಎಂಬುದು ನನ್ನ ವಿಷಯ. ನಗುವವರು ನಕ್ಕುಬಿಡಿ. ದಾವಣಗೆರೆಯ ನಮ್ಮ ಬಳಗದವರೆಲ್ಲ ಆಗಲೇ ನಕ್ಕು ಮುಗಿಸಿದ್ದಾರೆ. ರಜೆಗೆ ಹೋದಾಗ ನಮ್ಮ ಚಿಕ್ಕಪ್ಪ ಊಟಕ್ಕೆ ಕೂತವರಿಗೆಲ್ಲ ಕೇಳಿಸುವಂತೆ, “ಚಂದ್ರನ ಮೇಲೆ ಸೈಟು ಹಂಚೋವಾಗ ನಮಗೂ ಒಂದು ಕಾರ್ನರ್ ಸೈಟು ನೋಡಮ್ಮಾ” ಎನ್ನುತ್ತಿದ್ದರು. ಆ ಜೋಕು ಅವರಿಗೆ ಪ್ರತಿ ವರ್ಷವೂ ಹೊಸದಾಗಿಯೇ ಇರುತ್ತಿತ್ತು.

ಚಿಕ್ಕಪ್ಪನನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದೆ ಹೋದದ್ದು ಆ ಸಮಿತಿಯನ್ನು. ಹಲವು ದೇಶಗಳು ಸೇರಿಕೊಂಡು ಚಂದ್ರನ ಬಗ್ಗೆ ಒಂದು ಒಪ್ಪಂದದ ಕರಡು ಬರೆಯುತ್ತಿದ್ದವು. ಆ ಸಮಿತಿಯಲ್ಲಿ ಮತ ಹಾಕುವ ಪದ್ಧತಿಯೇ ಇಲ್ಲ. ಎಲ್ಲರೂ ಒಪ್ಪಬೇಕು, ಒಂದೇ ಒಂದು ದೇಶ ತಲೆ ಅಡ್ಡಡ್ಡ ಆಡಿಸಿದರೂ ಗಾಡಿ ಅಲ್ಲೇ ನಿಂತುಬಿಡುತ್ತಿತ್ತು. ಒಪ್ಪಿಗೆಯಾಗದ ಪದಗಳನ್ನು ಚೌಕದ ಆವರಣದೊಳಗೆ ಕೂಡಿಹಾಕಿ ಮುಂದಿನ ವರ್ಷಕ್ಕೆ ದೂಡುತ್ತಿದ್ದರು. ನನ್ನ ಪ್ರಬಂಧದ ಕೊನೆಯ ಅಧ್ಯಾಯ ಆ ಆವರಣಗಳು ಬಿಡಿಸಿಕೊಳ್ಳುವುದನ್ನೇ ಕಾಯುತ್ತ ಬಿದ್ದಿತ್ತು.

ನನ್ನ ಗೈಡು ಮೈಸೂರಿನ ಕಡೆಯವರು. ದೊಡ್ಡ ವಿದ್ವಾಂಸರು, ಯಾರ ಮನಸ್ಸನ್ನೂ ನೋಯಿಸದ ಸಜ್ಜನರು. ನಮ್ಮ ದೇಶದ ತಂಡಕ್ಕೆ ಸಲಹೆ ಹೇಳಲು ಅವರೂ ಆ ಸಮಿತಿಯ ಸಭೆಗೆ ಹೋಗಿ ಬರುತ್ತಿದ್ದರು. ಅವರು ವಿಮಾನ ಇಳಿದ ಮಾರನೆಯ ದಿನವೇ ನಾನು ಅವರ ಕೋಣೆಯ ಬಾಗಿಲಲ್ಲಿ ಹಾಜರು.

“ಈ ಸಲ ಏನಾಯ್ತು ಸಾರ್?”

“ತುಂಬಾ ಪ್ರಗತಿ ಆಯ್ತಮ್ಮಾ. ಒಂದು ಅಲ್ಪವಿರಾಮದ ಬಗ್ಗೆ ಎಲ್ಲರೂ ಒಪ್ಪಿಬಿಟ್ಟರು.”

“ಮನುಕುಲದ ಸಮಾನ ಸ್ವತ್ತು ಅನ್ನೋ ಮಾತು?”

“ಅದಿನ್ನೂ ಆವರಣದಲ್ಲೇ ಇದೆ. ಒಬ್ಬರು ತಮಗೆ ಸರ್ಕಾರದಿಂದ ಸೂಚನೆ ಬಂದಿಲ್ಲ, ಮುಂದಿನ ಅಧಿವೇಶನದಲ್ಲಿ ನೋಡೋಣ ಅಂದರು.”

“ಹಾಗಾದ್ರೆ ನನ್ನ ಕೊನೇ ಅಧ್ಯಾಯ ಸಾರ್?”

“ಆತುರ ಯಾಕಮ್ಮಾ? ಚಂದ್ರ ಎಲ್ಲಿಗೂ ಓಡಿಹೋಗೋದಿಲ್ಲ” ಎಂದು ಅವರು ಮೇಜಿನ ಖಾನೆಯಿಂದ ವಿದೇಶದ ಚಾಕಲೇಟು ತೆಗೆದು ಕೊಡುತ್ತಿದ್ದರು. ಚಂದ್ರ ಹೋಗುವುದಿಲ್ಲ, ಸರಿ. ನನ್ನ ವಯಸ್ಸು ಹೋಗುತ್ತಿದೆಯಲ್ಲ ಸ್ವಾಮಿ ಎಂದು ಬಾಯಿತುದಿಗೆ ಬಂದದ್ದನ್ನು ಚಾಕಲೇಟಿನ ಜೊತೆ ನುಂಗಿಕೊಂಡು ಬಸ್ ಸ್ಟಾಪಿಗೆ ನಡೆಯುತ್ತಿದ್ದೆ.

ಹೀಗೆ ಕಾಯುತ್ತ ಕೂತಾಗ ಕೈ ಸುಮ್ಮನಿರದೆ ಇನ್ನೊಂದು ಅಧ್ಯಾಯ ಬರೆದೆ. ಹಾರಿಸಿದ ರಾಕೆಟ್ಟುಗಳ ಚೂರುಗಳು, ಕೆಟ್ಟು ನಿಂತ ಉಪಗ್ರಹಗಳು ಮೇಲೆಯೇ ಸುತ್ತುತ್ತ ಇರುತ್ತವಲ್ಲ, ಅವನ್ನು ಗುಡಿಸುವವರು ಯಾರು ಎಂಬುದು ನನ್ನ ಪ್ರಶ್ನೆ. ಕಾನೂನು ನೋಡಿದರೆ ತಲೆ ಚಿಟ್ಟು ಹಿಡಿಯುವಂತಿತ್ತು. ವಸ್ತು ಸತ್ತರೂ ಬದುಕಿದರೂ ಅದು ಹಾರಿಸಿದ ದೇಶದ್ದೇ. ಆ ದೇಶ ಹೂಂ ಅನ್ನದೆ ಬೇರೆಯವರು ಅದನ್ನು ಮುಟ್ಟುವಂತಿಲ್ಲ. ಅದು ನಮ್ಮ ತಲೆಯ ಮೇಲೆ ಬಿದ್ದರೆ ಆ ದೇಶ ತಕರಾರಿಲ್ಲದೆ ಪರಿಹಾರ ಕೊಡಬೇಕು. ಬೀಳದೆ ಮೇಲೆಯೇ ಅಡ್ಡಾಡುತ್ತಿದ್ದರೆ ತೆಗೆಯಿರಿ ಎಂದು ಹೇಳುವ ಒಂದು ಸಾಲೂ ಎಲ್ಲಿಯೂ ಇಲ್ಲ. ಇದನ್ನೆಲ್ಲ ಬರೆದು ಗೈಡಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಕಸದ ಮೇಲೆ ಯಾರಮ್ಮಾ ಪಿಎಚ್.ಡಿ. ಮಾಡ್ತಾರೆ? ಪರೀಕ್ಷಕರು ನಗ್ತಾರೆ. ಆಕಾಶ ಅಂದ್ರೆ ಎಷ್ಟು ದೊಡ್ಡದು! ಇದನ್ನ ತೆಗೆದುಹಾಕು.”

ತೆಗೆದುಹಾಕಿದೆ. ನನ್ನ ಕೈಬರಹದ ಆ ಒಂದೇ ಪ್ರತಿಗೆ ದಾರ ಕಟ್ಟಿ, ಸಮಿತಿಯ ಹಳೆಯ ಸೈಕ್ಲೋಸ್ಟೈಲ್ ಕಾಗದಗಳಿದ್ದ ರಟ್ಟಿನ ಪೆಟ್ಟಿಗೆಗೆ ತುರುಕಿದೆ. ಪೆಟ್ಟಿಗೆ ಇಡಲು ನನ್ನ ಕೋಣೆಯಲ್ಲಿ ಜಾಗವಿರಲಿಲ್ಲ. ಹೊರಗೆ ತಾರಸಿಯ ಮೇಲೆ, ತಗಡಿನ ಮರೆಯಲ್ಲಿ ಇಟ್ಟೆ.

ತಾರಸಿಯ ಕತೆ ಈಗ ಹೇಳಬೇಕು. ನಾನು ಇದ್ದದ್ದು ಓಲ್ಡ್ ರಾಜಿಂದರ್ ನಗರದ ಒಂದು ಬರ್ಸಾತಿಯಲ್ಲಿ. ಮನೆಯ ತಾರಸಿಯ ಮೂಲೆಯಲ್ಲಿ ಕಟ್ಟಿದ ಒಂಟಿ ಕೋಣೆಗೆ ದೆಹಲಿಯವರು ಬರ್ಸಾತಿ ಎನ್ನುತ್ತಾರೆ. ಬೇಸಿಗೆಯಲ್ಲಿ ಹೆಂಚಿನ ಮೇಲೆ ಕೂತ ಹಾಗೆ, ಚಳಿಗಾಲದಲ್ಲಿ ಬಾವಿಯಲ್ಲಿ ಇಳಿದ ಹಾಗೆ. ಮನೆಯ ಒಡತಿ ಕೆಳಗೆ ಮುಂಭಾಗದಲ್ಲಿದ್ದ ಪಂಜಾಬಿ ವಿಧವೆ. ಎಲ್ಲರೂ ಆಕೆಯನ್ನು ಬೀಜಿ ಎನ್ನುತ್ತಿದ್ದೆವು. ಮೊದಲ ಮಹಡಿಯ ಒಂದು ಕಡೆ ಯಾವುದೋ ಸರ್ಕಾರಿ ಕಚೇರಿಯ ಬಾಬೂಜಿ, ಇನ್ನೊಂದು ಕಡೆ ಶಾಲೆಯ ಮಾಸ್ಟರ್‌ಜಿ. ಕೆಳಗೆ ಹಿಂಭಾಗದ ಕೋಣೆಯಲ್ಲಿ ನಮ್ಮ ಅಕ್ಕ.

ಅಕ್ಕ ಎಂದರೆ ಸ್ವಂತ ಅಕ್ಕನಲ್ಲ. ಉಡುಪಿಯ ಕಡೆಯವರು. ಅವರ ಗಂಡ ಕರೋಲ್ ಬಾಗಿನ ಒಂದು ಇಡ್ಲಿ ದೋಸೆಯ ಹೋಟೆಲಿನಲ್ಲಿ ಅಡುಗೆಯವರಾಗಿದ್ದು ತೀರಿಕೊಂಡಿದ್ದರು. ಮಕ್ಕಳಿಲ್ಲ. ಆ ಹೋಟೆಲಿಗೆ ವರ್ಷಕ್ಕೆಲ್ಲ ಬೇಕಾಗುವ ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು ಮಾಡಿಕೊಟ್ಟು ಅಕ್ಕ ಬದುಕುತ್ತಿದ್ದರು. ದೆಹಲಿಯ ಬೇಸಿಗೆಯನ್ನು ಬೈಯದೆ ಇದ್ದವರು ಒಬ್ಬರೇ ಒಬ್ಬರೆಂದರೆ ಅವರು. “ಎಂಥಾ ಬಿಸಿಲು ಮಾರಾಯ್ತಿ, ಬೆಳಿಗ್ಗೆ ಹಾಕಿದ್ದು ಸಂಜೆಗೆ ಗರಿಗರಿ” ಎಂದು ಸೀರೆಯ ಸೆರಗಿನಿಂದ ಬೆವರು ಒರೆಸಿಕೊಂಡು ಹಿಗ್ಗುತ್ತಿದ್ದರು. ಬಿಸಿಲೇನೋ ಬೇಕಷ್ಟಿತ್ತು. ಅದನ್ನು ಹಿಡಿದುಕೊಳ್ಳಲು ತಾರಸಿಯಲ್ಲಿ ಜಾಗವಿರಲಿಲ್ಲ.

ಏಕೆಂದರೆ ಆ ತಾರಸಿ ಎಲ್ಲರದಾಗಿತ್ತು. ಎಲ್ಲರದು ಎಂದರೆ ತಮಗೆ ಬೇಡವಾದದ್ದನ್ನು ತಂದು ಹಾಕುವ ಹಕ್ಕು ಎಲ್ಲರಿಗೂ ಇತ್ತು ಎಂದರ್ಥ. ಬೀಜಿಯ ಕೂಲರಿನ ತುಕ್ಕು ಹಿಡಿದ ತಗಡಿನ ಡಬ್ಬ, ಹಗ್ಗ ಹರಿದ ಮಂಚಗಳು. ವರ್ಗವಾದಾಗ ಬೇಕಾಗುತ್ತದೆಂದು ಬಾಬೂಜಿ ಪೇರಿಸಿಟ್ಟ ಮರದ ಪೆಟ್ಟಿಗೆಗಳು. ಅವರ ವರ್ಗದ ಆದೇಶ ನಾನು ಆ ಮನೆಗೆ ಬರುವ ಮೊದಲಿಂದ ‘ಈಗ ಬಂತು, ಆಗ ಬಂತು’ ಎನ್ನುತ್ತಲೇ ಇತ್ತು. ಮಾಸ್ಟರ್‌ಜಿಯ ಸೈಕಲ್ಲಿನ ಮುರುಕಲುಗಳು ಮತ್ತು ಪಾರಿವಾಳವಿಲ್ಲದ ಪಾರಿವಾಳದ ಗೂಡು. ನಟ್ಟನಡುವೆ ಒಂದು ಡಾಂಬರಿನ ಡ್ರಮ್ಮು, ಅದು ಯಾರದೆಂದು ಬ್ರಹ್ಮನಿಗೂ ಗೊತ್ತಿರಲಿಲ್ಲ. ಮತ್ತೆ ನನ್ನ ರಟ್ಟಿನ ಪೆಟ್ಟಿಗೆಗಳು. ಅವು ವಿದ್ಯೆಯ ಸಾಮಾನಾದ್ದರಿಂದ ನಾನು ಅವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಎಪ್ಪತ್ತೊಂಬತ್ತರ ಹೋಳಿ ಮುಗಿದ ವಾರ ಅಕ್ಕ ನನ್ನ ಕೋಣೆಗೆ ಬಂದು ನೆಲದ ಮೇಲೆ ಕೂತರು. ಯಾವತ್ತೂ ಹಾಗೆ ಕೂತವರಲ್ಲ.

“ಹೋಟೆಲಿನ ಯಜಮಾನ್ರು ಹೇಳಿದ್ರು. ಹೋದ ವರ್ಷದ ಸಂಡಿಗೆ ಅರ್ಧಕ್ಕೇ ಮುಗೀತಂತೆ. ಈ ಬೇಸಿಗೆಯಲ್ಲಿ ಇಡೀ ವರ್ಷದ್ದು ಆಗದಿದ್ರೆ ಅವರು ಬೇರೆ ಕಡೆಯಿಂದ ತರಿಸ್ತಾರಂತೆ. ಅವರದ್ದು ತಪ್ಪಲ್ಲ. ನನಗೆ ಹರವಲಿಕ್ಕೆ ಜಾಗ ಎಲ್ಲುಂಟು ಹೇಳು? ಆ ಡ್ರಮ್ಮಿನ ನೆರಳು ಮಧ್ಯಾಹ್ನದವರೆಗೆ ಹಂದುದಿಲ್ಲ.”

“ಆಗದೇ ಹೋದ್ರೆ ಏನ್ಮಾಡ್ತೀರಕ್ಕಾ?”

“ಎಂತ ಮಾಡುದು? ಮೈದುನ ಕಾಗದ ಬರೀತಾನೇ ಇದ್ದಾನೆ, ಬಂದು ಮನೆಯಲ್ಲಿರಿ ಅಂತ. ಒಳ್ಳೆಯವನೇ. ಆದ್ರೆ ಅಲ್ಲಿ ಅವನ ಹೆಂಡತಿಯ ಮುಖ ನೋಡಿ ಅನ್ನ ಹಾಕಿಸಿಕೊಳ್ಬೇಕು. ಇಲ್ಲಿ ನಾನು ಯಾರ ಮುಖವೂ ನೋಡ್ಬೇಕಾಗಿಲ್ಲ.” ಬಾಗಿಲಾಚೆಯ ತಾರಸಿಯ ಕಡೆ ಕೈ ತೋರಿಸಿ ಅಂದರು: “ನೀನು ಆಕಾಶದ್ದೆಲ್ಲ ಕಾನೂನು ಓದಿದವಳು. ಈ ಮಾಳಿಗೆಯದ್ದೊಂದು ಬಗೆಹರಿಸಿ ಕೊಡು.”

ಅಷ್ಟು ಅಂದದ್ದೇ ತಡ, ನನಗೆ ಹುರುಪು ಬಂದುಬಿಟ್ಟಿತು. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಜನರ ಮನೆಬಾಗಿಲಿಗೆ ಹೋಗಿ, ಭಯ್ಯಾ, ದಯವಿಟ್ಟು ನಿಮ್ಮ ಸಾಮಾನು ತೆಗೆಯಿರಿ ಎಂದು ಕೇಳುತ್ತಿದ್ದರು. ನಾನು ಓದಿದವಳಲ್ಲವೇ? ಒಪ್ಪಂದದ ಕರಡು ಬರೆಯಲು ಕೂತೆ. ಪೀಠಿಕೆ ಬರೆದೆ. ‘ಈ ತಾರಸಿಯು ಸಕಲ ನಿವಾಸಿಗಳ ಸಮಾನ ಸ್ವತ್ತು’ ಎಂದು ಹಿಂದಿಯಲ್ಲಿ ಬರೆದು ನನ್ನಷ್ಟಕ್ಕೆ ನಾನೇ ಮೆಚ್ಚಿಕೊಂಡೆ. ಪ್ರತಿ ವಸ್ತುವಿನ ಮೇಲೂ ಒಡೆಯರ ಹೆಸರು ಸೀಮೆಸುಣ್ಣದಲ್ಲಿ ಬರೆಯತಕ್ಕದ್ದು, ಒಡೆಯರ ಒಪ್ಪಿಗೆಯಿಲ್ಲದೆ ಯಾವ ವಸ್ತುವನ್ನೂ ಮುಟ್ಟತಕ್ಕದ್ದಲ್ಲ, ಒಬ್ಬರ ಮೇಲೆ ದೂರು ಬಂದಾಗ ಆ ವಿಷಯದಲ್ಲಿ ಅವರಿಗೆ ಮಾತಿಲ್ಲ, ಉಳಿದ ಎಲ್ಲ ತೀರ್ಮಾನವೂ ಎಲ್ಲರ ಒಮ್ಮತದಿಂದಲೇ. ಆರು ವರ್ಷ ಯಾವ ಪದ್ಧತಿಯನ್ನು ಬೈದು ಬಾಯಿ ಒಣಗಿಸಿಕೊಂಡಿದ್ದೆನೋ ಅದನ್ನೇ ತಂದು ನಮ್ಮ ತಾರಸಿಗೆ ಕೂಡಿಸಿದೆ. ಬೇರೆ ಪದ್ಧತಿ ಇರಬಹುದೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಬೀಜಿಗೆ ಅದು ಬಹಳ ಹಿಡಿಸಿತು. ಮಾಸ್ಟರ್‌ಜಿಯ ಕೈಯಲ್ಲಿ ಓದಿಸಿ, ರುಜು ಹಾಕಿ, ಮೆಟ್ಟಿಲಿನ ಗೋಡೆಗೆ ಅಂಟಿಸಿದಳು. “ಚಲೋ, ಇನ್ನು ಛತ್‌ನ ವಿಷಯದಲ್ಲಿ ನಾನೂ ನಿಮ್ಮೊಳಗೊಬ್ಬಳು. ಬರೆದದ್ದು ಬರೆದದ್ದು. ನನ್ನ ಮಾತೆಂದರೆ ಪತ್ಥರ್ ಕೀ ಲಕೀರ್” ಎಂದು ಎದೆ ತಟ್ಟಿಕೊಂಡಳು. ಛತ್ ಎಂದರೆ ತಾರಸಿ, ಪತ್ಥರ್ ಕೀ ಲಕೀರ್ ಎಂದರೆ ಕಲ್ಲಿನ ಮೇಲೆ ಗೆರೆ ಕೊರೆದ ಹಾಗೆ. ಆಮೇಲೆ ಸಭೆಗಳು ಶುರುವಾದವು.

ಅಯ್ಯೋ, ಆ ಭಾನುವಾರದ ಸಭೆಗಳು! ಬಾಬೂಜಿ ಚಹಾ ಲೋಟ ಹಿಡಿದು, ತಮ್ಮ ಪೆಟ್ಟಿಗೆಗಳ ವಿಷಯ ವರ್ಗದ ಆದೇಶ ಬಂದ ಮೇಲೆ ಪರಿಶೀಲಿಸಬಹುದು ಎಂದರು. ಮಾಸ್ಟರ್‌ಜಿ ಬಾಬೂಜಿಯವರು ಮೊದಲು ತೆಗೆದರೆ ತಾವೂ ತೆಗೆಯುವುದಾಗಿ ಹೇಳಿದರು. ಬೀಜಿ, ಕೂಲರಿನ ಡಬ್ಬ ತನ್ನ ಗಂಡ ಕೊಂಡದ್ದು, ಅದರ ಬಗ್ಗೆ ಮಾತಾಡುವುದೇ ಅಪಚಾರ ಎಂದು ಕಣ್ಣೊರೆಸಿಕೊಂಡಳು. ಡ್ರಮ್ಮಿನ ಮೇಲೆ ಯಾರ ಹೆಸರು ಬರೆಯುವುದು ಎಂಬ ಪ್ರಶ್ನೆಗೆ ಒಂದಿಡೀ ಬೆಳಗು ಹೋಯಿತು. ಅದಕ್ಕೆ ಒಡೆಯನಿಲ್ಲ, ಒಡೆಯನ ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲ, ಹಾಗಾಗಿ ಅದನ್ನು ಯಾರೂ ಎಂದೆಂದಿಗೂ ಸರಿಸುವಂತಿಲ್ಲ ಎಂದು ಮಾಸ್ಟರ್‌ಜಿ ನನ್ನ ಕಲಮನ್ನೇ ನನಗೆ ಓದಿ ತೋರಿಸಿದರು. ನಾನು ಹಣೆ ಹಣೆ ಚಚ್ಚಿಕೊಂಡೆ. ತಾರಸಿಯ ಆ ತುದಿಯಲ್ಲಿ ಅಕ್ಕ ಮೊಣಕಾಲೂರಿ, ಎರಡು ಮಂಚಗಳ ಸಂದಿನಲ್ಲಿ ಸಿಕ್ಕಷ್ಟು ಬಿಸಿಲಿಗೆ ಹಳೆಯ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದರು. ಏಪ್ರಿಲ್ ಹೋಯಿತು. ಮೇ ಕೂಡ ಅರ್ಧ ಹೋಯಿತು.

“ಎಂತಾಯ್ತು?” ಎಂದು ಅಕ್ಕ ಪ್ರತಿ ಭಾನುವಾರ ಕೇಳುತ್ತಿದ್ದರು.

“ಸ್ವಲ್ಪ ಪ್ರಗತಿ ಆಗಿದೆ ಅಕ್ಕಾ” ಎನ್ನುತ್ತಿದ್ದೆ. ಹೇಳಿದ ಮೇಲೆ ನನ್ನ ಬಾಯಿಂದ ಗೈಡಿನ ದನಿ ಬಂದದ್ದು ಕೇಳಿಸಿ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಮೇ ತಿಂಗಳ ಕೊನೆಯ ಒಂದು ದಿನ ನಾನು ಲೈಬ್ರರಿಯಿಂದ ಮನೆಗೆ ಬಂದು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ, ತಾರಸಿಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟೆ. ಬೇರೆಯವರ ಮನೆಗೆ ಬಂದೆನೇನೋ ಅನ್ನಿಸಿತು. ಡ್ರಮ್ಮಿಲ್ಲ. ಕೂಲರಿಲ್ಲ. ಮಂಚ, ಪೆಟ್ಟಿಗೆ, ಸೈಕಲ್ಲು, ಗೂಡು ಯಾವುದೂ ಇಲ್ಲ. ಈ ಗೋಡೆಯಿಂದ ಆ ಗೋಡೆಯವರೆಗೆ ಪಂಚೆಗಳು, ಹಳೆಯ ಸೀರೆಗಳು, ಅವುಗಳ ಮೇಲೆ ಸಾಲುಸಾಲಾಗಿ ಬೆಳ್ಳಗೆ ಸಂಡಿಗೆ, ಅಕ್ಕಿ ಹಪ್ಪಳ, ಉದ್ದಿನ ಹಪ್ಪಳ. ನಡುವೆ ಕಾಗೆ ಬಾರದಂತೆ ಒಂದು ಕಪ್ಪು ಕೊಡೆ ಬಿಚ್ಚಿಟ್ಟಿತ್ತು. ಅದರ ನೆರಳಲ್ಲಿ ಅಕ್ಕ ಕಾಲು ಚಾಚಿ ಕೂತಿದ್ದರು.

“ಗುಜರಿ ಕೊಳ್ಳುವ ಕಬಾಡಿಯ ಭಯ್ಯಾನನ್ನು ಕರೆದೆ” ಎಂದರು. “ಎಲ್ಲರೂ ಕೆಲಸಕ್ಕೆ ಹೋಗಿದ್ರಲ್ಲ. ಬೀಜಿ ಗುರುದ್ವಾರಕ್ಕೆ ಹೋಗಿದ್ಲು. ಎರಡು ಗಾಡಿ ಆಯ್ತು ಮಾರಾಯ್ತಿ. ಬಂದ ದುಡ್ಡನ್ನು ಬೀಜಿಯ ಬಾಗಿಲ ಸಂದಿಯಲ್ಲಿ ಹಾಕಿದ್ದೇನೆ, ನನಗೊಂದು ಪೈಸೆ ಬೇಡ.”

ನನಗೆ ನಗು ಉಕ್ಕಿ ಬಂತು. ಭೇಷ್ ಅಕ್ಕಾ ಎನ್ನಲು ಬಾಯಿ ತೆರೆದೆ. ಆಗ ತಗಡಿನ ಮರೆಯ ಕಡೆ ಕಣ್ಣು ಹೋಯಿತು. ಅಲ್ಲಿ ಮಜ್ಜಿಗೆ ಮೆಣಸು ಒಣಗುತ್ತಿತ್ತು.

“ಅಕ್ಕಾ, ನನ್ನ ಪೆಟ್ಟಿಗೆ?”

“ಯಾವುದು? ಆ ರಟ್ಟಿನದ್ದಾ? ಅದರಲ್ಲಿ ಇಲಿ ಮರಿ ಹಾಕಿತ್ತು.”

“ಅದ್ರಲ್ಲಿ ನನ್ನ ಕಾಗದ ಇತ್ತು! ನನ್ನ ಅಧ್ಯಾಯ ಇತ್ತು!”

“ಅಧ್ಯಾಯವನ್ನು ಯಾರಾದ್ರೂ ಬಿಸಿಲಲ್ಲಿ ಇಡ್ತಾರಾ? ನಿನಗೆ ತಲೆ ಸಮ ಉಂಟಾ?”

ನಾನು ಕೂಗಾಡಿದೆ. ಸುಳ್ಳು ಯಾಕೆ ಹೇಳಲಿ, ಬಾಯಿಗೆ ಬಂದಂತೆ ಅಂದೆ. ಕರೋಲ್ ಬಾಗಿನ ಕಬಾಡಿ ಅಂಗಡಿಗಳಿಗೆ ಬಿಸಿಲಲ್ಲಿ ಓಡಿದೆ. ಅಲ್ಲಿದ್ದ ಕಾಗದದ ಗುಡ್ಡಗಳ ಎದುರು ಬೆವರಿಳಿಸಿಕೊಂಡು ನಿಂತು, ಯಾರನ್ನು ಏನೆಂದು ಕೇಳುವುದೆಂದೇ ತಿಳಿಯದೆ ವಾಪಸು ಬಂದೆ. ಉಳಿದ ಪ್ರಬಂಧವೆಲ್ಲ ಟೈಪಿಸ್ಟಿನ ಹತ್ತಿರ ಭದ್ರವಾಗಿತ್ತು. ಹೋದದ್ದು ಆ ಕಸದ ಅಧ್ಯಾಯ ಒಂದೇ. ಅದನ್ನು ಬೇಡವೆಂದು ಹೊರಗಿಟ್ಟವಳು ನಾನೇ ಆದರೂ ಹೊಟ್ಟೆ ಉರಿ ಆರಲಿಲ್ಲ. ಅಕ್ಕನ ಜೊತೆ ಮಾತು ಬಿಟ್ಟೆ.

ಮುಂದಿನ ಭಾನುವಾರ ವಿಶೇಷ ಸಭೆ ಸೇರಿತು. ಬೀಜಿಯ ಅಂಗಳದಲ್ಲಿ ಬೆಳಿಗ್ಗೆಯೇ ಕುರ್ಚಿಗಳು ಬಿದ್ದವು. ಆ ದಿನಗಳಲ್ಲಿ ಊರೆಲ್ಲ ಸ್ಕೈಲ್ಯಾಬಿನದೇ ಮಾತು. ಅಮೆರಿಕದವರು ಹಾರಿಸಿದ್ದ ಮನೆಯಷ್ಟು ದೊಡ್ಡ ಪ್ರಯೋಗಾಲಯ ಹಿಡಿತ ತಪ್ಪಿ ಕೆಳಗಿಳಿಯುತ್ತಿದೆ, ಎಲ್ಲಿ ಬೀಳುತ್ತದೆಂದು ಯಾರಿಗೂ ಗೊತ್ತಿಲ್ಲ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಬಾಬೂಜಿ ಸಭೆಯನ್ನು ಅಲ್ಲಿಂದಲೇ ಆರಂಭಿಸಿದರು.

“ನೀವು ಇದನ್ನೇ ಓದುವವರು, ಹೇಳಿ. ಅದು ನಮ್ಮ ಮನೆಯ ಮೇಲೆ ಬಿದ್ದರೆ?”

“ಅಮೆರಿಕ ಪರಿಹಾರ ಕೊಡಬೇಕು. ತಪ್ಪು ಯಾರದು ಅಂತ ವಾದ ಮಾಡೋ ಹಾಗೇ ಇಲ್ಲ” ಎಂದೆ.

“ಅಚ್ಛಾ! ನೋಡಿ, ಅಮೆರಿಕದಂಥ ಅಮೆರಿಕಕ್ಕೂ ಕಾನೂನಿದೆ. ಈ ಮದ್ರಾಸಿ ಹೆಂಗಸಿಗಿಲ್ಲ.” ನಾವು ಮದ್ರಾಸಿನವರಲ್ಲ ಎಂದು ಆ ಮನುಷ್ಯನಿಗೆ ಹೇಳಿ ಹೇಳಿ ನನಗೆ ಸಾಕಾಗಿತ್ತು. “ಇವಳು ಇನ್ನು ಛತ್‌ಗೆ ಕಾಲಿಡಬಾರದು. ಇವತ್ತಿನಿಂದಲೇ. ಎಲ್ಲರೂ ಏನಂತೀರಿ?”

“ಮಂಜೂರ್” ಎಂದರು ಮಾಸ್ಟರ್‌ಜಿ. ಒಪ್ಪಿಗೆ.

“ಮಂಜೂರ್” ಎಂದಳು ಬೀಜಿ, ಗಂಡನ ಕೂಲರನ್ನು ನೆನೆದು ಮೂಗೇರಿಸುತ್ತ.

ಅಕ್ಕ ಬಾಗಿಲ ಬಳಿ ನಿಂತಿದ್ದರು. ದೂರು ಅವರ ಮೇಲೇ ಇದ್ದದ್ದರಿಂದ, ನಾನೇ ಬರೆದ ಕಲಮಿನ ಪ್ರಕಾರ, ಅವರು ಮಾತಾಡುವಂತಿರಲಿಲ್ಲ. ಕೈಯಲ್ಲಿ ಹಿಟ್ಟು ಮೆತ್ತಿತ್ತು. ತೊಳೆದುಕೊಳ್ಳದೆ ಬಂದಿದ್ದರು. ಮಳೆ ಬರುವ ಮೊದಲಿನ ಬಿಸಿಲಷ್ಟೇ ಉಳಿದಿತ್ತು. ಅದೂ ತಪ್ಪಿದರೆ ಹೋಟೆಲಿನವರು ಬೇರೆ ಕಡೆ ನೋಡಿಕೊಳ್ಳುತ್ತಾರೆ, ಅಕ್ಕ ಊರಿನ ರೈಲು ಹತ್ತಬೇಕು. ಅವರು ನನ್ನನ್ನು ನೋಡಲಿಲ್ಲ. ಕೈಯ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದರು.

ಬಾಬೂಜಿ ನನ್ನ ಕಡೆ ತಿರುಗಿ ಹಲ್ಲು ಬಿಟ್ಟರು. “ನಿಮ್ಮದು ಕೇಳಬೇಕಾಗಿಯೇ ಇಲ್ಲ. ಎಲ್ಲರಿಗಿಂತ ದೊಡ್ಡ ನಷ್ಟ ನಿಮಗೇ ಆಗಿದೆ. ಚಲೋ ಜೀ, ಒಮ್ಮತವಾಯಿತು!”

ನಿಜ ಹೇಳುತ್ತೇನೆ, ಮಂಜೂರ್ ಎನ್ನಬೇಕೆಂದೇ ನಾನು ಕೆಳಗಿಳಿದು ಬಂದಿದ್ದೆ. ಅಷ್ಟು ಸಿಟ್ಟಿತ್ತು. ಆದರೆ ಆ ‘ಒಮ್ಮತವಾಯಿತು’ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಪಿತ್ತ ನೆತ್ತಿಗೇರಿತು. ಮೂರು ತಿಂಗಳು! ಒಂದು ಅನಾಥ ಡ್ರಮ್ಮನ್ನು ಒಂದು ಗೇಣು ಸರಿಸಲು ಈ ಜನಕ್ಕೆ ಒಮ್ಮತವಾಗಲಿಲ್ಲ. ಒಬ್ಬ ಹೆಂಗಸನ್ನು ಬಿಸಿಲಿನಿಂದ ಹೊರಗೆ ಹಾಕಲು, ಬಾಬೂಜಿಯ ಚಹಾ ಆರುವ ಮೊದಲೇ ಒಮ್ಮತವಾಗಿಬಿಟ್ಟಿತು. ಥೂ ಎನಿಸಿತು.

“ನಾನು ಒಪ್ಪಿಲ್ಲ” ಎಂದೆ.

ಬಾಬೂಜಿಯ ನಗು ಮುಖದ ಮೇಲೇ ಅಂಟಿಕೊಂಡಿ­ತು. “ಯಾಕೆ?”

ಸಮಿತಿಯ ಕಾಗದಗಳನ್ನು ಓದಿ ಓದಿ ನನ್ನ ರಕ್ತಕ್ಕಿಳಿದಿದ್ದ ಮಾತು ತಾನಾಗಿಯೇ ಹೊರಬಂತು. “ನನಗಿನ್ನೂ ಸೂಚನೆ ಬಂದಿಲ್ಲ. ಮುಂದಿನ ಅಧಿವೇಶನದಲ್ಲಿ ನೋಡೋಣ.”

“ಸೂಚನೆಯೇ? ಯಾರಿಂದ?”

“ಅದು ಗೋಪ್ಯ.”

“ಮುಂದಿನ ಅಧಿವೇಶನ ಯಾವಾಗ?”

“ಮಳೆಗಾಲ ಮುಗಿದ ಮೇಲೆ.”

ಮಾಸ್ಟರ್‌ಜಿ ಗೋಡೆಯ ಮೇಲಿನ ಕಾಗದದ ಹತ್ತಿರ ಹೋಗಿ ಕನ್ನಡಕ ಏರಿಸಿ ಪ್ರತಿ ಸಾಲಿಗೂ ಬೆರಳಿಟ್ಟು ಓದಿದರು. ಅಧಿವೇಶನ ಯಾವಾಗ ನಡೆಯಬೇಕೆಂದು ನಾನು ಬರೆದೇ ಇರಲಿಲ್ಲ. ಇದು ಮೋಸ ಎಂದು ಬಾಬೂಜಿ ಎದ್ದು ನಿಂತು ಕೂಗಿದರು. ಮನೆ ನಿಮ್ಮದು, ನೀವೇ ಹೇಳಿಬಿಡಿ ಎಂದು ಬೀಜಿಯ ಮೇಲೆ ಹಾಕಿದರು. ಬೀಜಿ ಒಮ್ಮೆ ಅಕ್ಕನನ್ನು ನೋಡಿದಳು, ಒಮ್ಮೆ ತನ್ನ ರುಜುವನ್ನು ನೋಡಿದಳು.

“ಬರೆದದ್ದು ಬರೆದದ್ದು” ಎಂದಳು, ನನ್ನ ಮೇಲೆ ಕೆಂಡ ಕಾರುತ್ತ. “ಹುಡುಗಿ ಒಪ್ಪಲಿಲ್ಲ. ಸಭೆ ಮುಗಿಯಿತು.”

ಬಾಬೂಜಿ ಆಮೇಲೆ ನನ್ನ ಜೊತೆ ಮಾತಾಡಲಿಲ್ಲ. ಪೆಟ್ಟಿಗೆಗಳು ಹೋದ ಮೇಲೆಯೂ ಅವರ ವರ್ಗ ಬರಲಿಲ್ಲ ಎಂಬುದೊಂದು ಸಮಾಧಾನ. ಅಕ್ಕ ಜೂನ್ ತಿಂಗಳ ಆ ಬಿಸಿಲನ್ನೆಲ್ಲ ಹಿಂಡಿ ಹಾಕಿದರು. ಡಬ್ಬಗಳು ತುಂಬಿದವು. ರಿಕ್ಷಾದಲ್ಲಿ ಡಬ್ಬ ಹೇರಿಕೊಂಡು ಕರೋಲ್ ಬಾಗಿಗೆ ಹೋಗುವಾಗ ಬಿಗುಮಾನ ಬಿಟ್ಟು ನಾನೂ ಜೊತೆಗೆ ಹೋದೆ. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ದಾರಿಯಲ್ಲಿ ಅಕ್ಕ ಕೇಳಿದರು.

“ಆ ಪೆಟ್ಟಿಗೆಯಲ್ಲಿ ಎಂತದ್ದು ಬರೆದಿದ್ದೆ?”

“ಕಸದ ಬಗ್ಗೆ ಅಕ್ಕಾ. ಆಕಾಶದ ಕಸ.”

“ಕಸದ ಬಗ್ಗೆ ಬರೆಯಲಿಕ್ಕೆ ಎಂತ ಉಂಟು? ತೆಗೆದ್ರೆ ಆಯ್ತು.”

“ಅಲ್ಲಿಗೆ ಕಬಾಡಿಯವನು ಬರೋದಿಲ್ಲ ಅಕ್ಕಾ!” ಎಂದು ಸಿಡುಕಿದೆ. ಅಕ್ಕ ಡಬ್ಬವನ್ನು ಎದೆಗೊತ್ತಿ ಹಿಡಿದು ನಕ್ಕುಬಿಟ್ಟರು.

ಸ್ಕೈಲ್ಯಾಬು ಜುಲೈಯಲ್ಲಿ ಆಸ್ಟ್ರೇಲಿಯಾದ ಕಡೆ ಬಿತ್ತು. ಅದೇ ತಿಂಗಳು ಗೈಡು ವಿದೇಶದಿಂದ ಮರಳಿದರು. ನಾನು ಕೇಳುವ ಮೊದಲೇ ಬಾಗಿಲಿಗೆ ಬಂದು ನನ್ನ ಕೈ ಕುಲುಕಿದರು. “ಆಯ್ತಮ್ಮಾ! ಎಲ್ಲರೂ ಒಪ್ಪಿದರು! ಆವರಣಗಳೆಲ್ಲ ಹೋದವು!” ಚಂದ್ರನ ಖನಿಜವನ್ನು ಅಗೆಯುವ ಕಾಲ ಹತ್ತಿರ ಬಂದಾಗ, ಹೇಗೆ ಅಗೆಯಬೇಕೆಂದು ಎಲ್ಲರೂ ಸೇರಿ ಯೋಚಿಸತಕ್ಕದ್ದು ಎಂದು ಒಪ್ಪಿದ್ದರಂತೆ. ಅಂದರೆ ಮುಂದಿನ ಅಧಿವೇಶನದಲ್ಲಿ ನೋಡೋಣ ಎಂಬುದನ್ನೇ ಚೆಂದದ ಭಾಷೆಯಲ್ಲಿ ಬರೆದುಕೊಂಡಿದ್ದರು. ನನಗೆ ಪದವಿ ಸಿಕ್ಕಿತು. ಅಷ್ಟು ವರ್ಷ ಜಗಳಾಡಿ ಒಪ್ಪಿದ ಆ ಒಪ್ಪಂದಕ್ಕೆ ಚಂದ್ರನ ಮೇಲೆ ಓಡಾಡಿ ಬಂದವರು ಸಹಿಯನ್ನೇ ಹಾಕಲಿಲ್ಲ. ಈಗ ಹುಡುಗ ಹುಡುಗಿಯರು ಫೋನು ಮಾಡಿ, “ಮ್ಯಾಮ್, ಬಾಹ್ಯಾಕಾಶದ ಕಸದ ಬಗ್ಗೆ ನೀವು ಆಗಲೇ ಬರೆದಿದ್ರಂತೆ, ಎಲ್ಲಿ ಸಿಗುತ್ತೆ?” ಎನ್ನುತ್ತಾರೆ. ಕಬಾಡಿಗೆ ಹೋಯಿತು ಎಂದರೆ ನಂಬುವುದಿಲ್ಲ, ಮುದುಕಿ ರೇಗುತ್ತಾಳೆ ಎಂದುಕೊಳ್ಳುತ್ತಾರೆ.

ಆ ವರ್ಷದ ಮಳೆ ಶುರುವಾದ ದಿನ ಅಕ್ಕ ನನ್ನನ್ನು ಕೆಳಗೆ ಕರೆದರು. ಮುಂದಿನ ವರ್ಷಕ್ಕೂ ಸಂಡಿಗೆ ನಿಮ್ಮದೇ ಎಂದು ಹೋಟೆಲಿನ ಯಜಮಾನರು ಹೇಳಿ ಕಳಿಸಿದ್ದರು. ಅಕ್ಕ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದರು. ಪಕ್ಕದಲ್ಲಿ ಒಂದು ಇನ್‌ಲ್ಯಾಂಡ್ ಲೆಟರ್ ಇತ್ತು.

“ನನ್ನ ಕೈಯೆಲ್ಲ ಉಪ್ಪು. ಮೈದುನನಿಗೆ ಎರಡಕ್ಷರ ಬರೆದುಕೊಡು.”

ನಾನು ಅಭ್ಯಾಸಬಲದಿಂದ ದೊಡ್ಡದಾಗಿ ಶುರುಮಾಡಿದೆ. ತಾವು ತೋರಿದ ಅಭಿಮಾನಕ್ಕೆ ಚಿರಋಣಿ, ಆದಾಗ್ಯೂ ಸದ್ಯದ ಪರಿಸ್ಥಿತಿಯನ್ನು ಗಮನದಲ್ಲಿರಿಸಿಕೊಂಡು, ಮುಂದೆ ಸೂಕ್ತ ಸಂದರ್ಭದಲ್ಲಿ ಎಂದೆಲ್ಲ ಬರೆದು ಓದಿ ಹೇಳಿದೆ. ಅಕ್ಕ ಈಳಿಗೆಮಣೆಯಿಂದ ತಲೆಯೆತ್ತಿದರು.

“ಅಷ್ಟೆಲ್ಲ ಎಂತಕ್ಕೆ? ಅದನ್ನು ಹೊಡೆದುಹಾಕು. ಬರಲಿಕ್ಕೆ ಪುರುಸೊತ್ತಿಲ್ಲ ಅಂತ ಬರಿ.”

ಹಾಗೆಯೇ ಬರೆದು ಅಂಚೆಗೆ ಹಾಕಿದೆ.